ಹುಕ್ಕೇರಿಯ ಗಾಜಿನ ಕೋಣೆಯ ಬೆವರು

ಹುಕ್ಕೇರಿಯ ಸಾವ್ಕಾರರ ಗಾಜಿನ ಕೋಣೆಯೊಳಗೆ ನಾನು ಮೊದಲ ಸಲ ಕಾಲಿಟ್ಟಾಗ ನನ್ನ ಬೋಳುತಲೆಯ ನಟ್ಟನಡುವೆ ಟಪ್ ಎಂದು ಒಂದು ಹನಿ ಬಿತ್ತು. ಕತ್ತೆತ್ತಿ ನೋಡಿದೆ. ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛ. ಎಳ್ಳಮಾವಾಸ್ಯೆ ಕಳೆದು ಸಂಕ್ರಮಣಕ್ಕೆ ಇನ್ನು ಹನ್ನೊಂದು ದಿನ ಇದ್ದವು. ಮಳೆಯ ಮಾತೇ ಇರಲಿಲ್ಲ. ಆದರೂ ಮಾಡಿನ ಗಾಜುಗಳ ಒಳಮೈ ತುಂಬ ನೀರು ಸಾಲುಸಾಲಾಗಿ ನಿಂತು, ಒಂದಕ್ಕೊಂದು ಕೂಡಿ, ಸರ್ರನೆ ಜಾರಿ, ಮರದ ಪಟ್ಟಿಗೆ ಬಂದು ತೊಟ್ಟಿಕ್ಕುತ್ತಿತ್ತು.

"ಬಿತ್ತೇನ್ರಿ ಕಾಕಾ?" ಎಂದಿತು ಮೂಲೆಯ ಮಂಚದಿಂದ ಒಂದು ಸಣ್ಣ ದನಿ. "ಅಲ್ಲಿ ನಿಂತವರಿಗೆಲ್ಲಾ..." ಅಷ್ಟಕ್ಕೇ ಉಸಿರು ಸಾಲದೆ ನಿಂತು, ಎದೆ ಹಿಡಿದುಕೊಂಡು, ಮತ್ತೆ ಹೇಳಿತು, "...ಬೀಳತೈತಿ."

ಸಾವ್ಕಾರರ ಮಗಳು. ಹದಿಮೂರು ಹದಿನಾಲ್ಕು ಇರಬೇಕು. ದಿಂಬಿಗೆ ಒರಗಿ ಕೂತು ನನ್ನ ತಲೆ ನೋಡಿ ನಗುತ್ತಿದ್ದಳು. ನಗುವಿಗೂ ಅವಳಿಗೆ ಉಸಿರು ಸಾಲುತ್ತಿರಲಿಲ್ಲ. ಎದೆಯೊಳಗಿಂದ ಹಳೇ ತಿದಿಯ ಹಾಗೆ ಸುಂಯ್ ಸುಂಯ್ ಸದ್ದು ಬರುತ್ತಿತ್ತು. ಹನಿ ಬಿದ್ದದ್ದು ಮರೆತೇಹೋಯಿತು ನನಗೆ.

ಇಷ್ಟಕ್ಕೂ ಬಟ್ಟೆ ಗಿರಣಿಯ ಮನುಷ್ಯನಿಗೆ ಈ ಮನೆಯಲ್ಲಿ ಏನು ಕೆಲಸ? ಗೋಕಾಕ ಫಾಲ್ಸಿನ ಗಿರಣಿಯಲ್ಲಿ ನಾನು ಹವೆ ನೋಡುವವನು. ನೇಯ್ಗೆ ಖಾತೆಯಲ್ಲಿ ಹವೆ ಒಣಗಿತೋ, ನೂಲು ಪಟಪಟ ಹರಿಯುತ್ತದೆ. ಆದ್ದರಿಂದ ಕಿಟಕಿ ಬಾಗಿಲು ಮುಚ್ಚಿ, ನೀರನ್ನು ಹೊಗೆಯ ಹಾಗೆ ಚಿಮುಕಿಸಿ, ಹವೆಯನ್ನು ಸದಾ ಹಸಿಯಾಗಿ ಇಡಬೇಕು. ಅದೇ ನನ್ನ ಹೊಟ್ಟೆಪಾಡು. ಗಿರಣಿಗೆ ಹತ್ತಿ ಕಳಿಸುತ್ತಿದ್ದ ಈ ಸಾವ್ಕಾರರು ನಮ್ಮ ಖಾತೆಯ ಮೇಲಿನವರ ಮುಂದೆ ಮಗಳ ಕಥೆ ಹೇಳಿಕೊಂಡಾಗ ಅವರು, "ಹವೆಯ ವಿಷಯ ತಿಳಿದವನು ನಮ್ಮಲ್ಲಿ ಇವನೊಬ್ಬನೇ" ಎಂದು ಹನ್ನೆರಡು ದಿನದ ರಜೆ ಕೊಟ್ಟು ನನ್ನನ್ನು ಮೋಟಾರು ಹತ್ತಿಸಿದರು. ಹಸಿ ತುಂಬುವವನನ್ನು ಹಸಿ ತೆಗೆಯಲು ಕಳಿಸಿದ್ದರು! ದಾರಿಯುದ್ದಕ್ಕೂ ನನಗೆ ನಗು, ಒಳಗೊಳಗೇ ಹುರುಪು. ಹವೆಯನ್ನು ನನ್ನಷ್ಟು ಬಲ್ಲವರು ಯಾರಿದ್ದಾರೆ, ಎರಡು ದಿನದಲ್ಲಿ ಮುಗಿಸುತ್ತೇನೆ ಎಂಬ ಜಂಬ ಬೇರೆ.

ಆ ಕೋಣೆ ಸಾವ್ಕಾರರ ಹೆಮ್ಮೆ. ಯಾವುದೋ ಸಾಹೇಬರ ಬಂಗಲೆಯಲ್ಲಿ ಅಂಥದ್ದನ್ನು ನೋಡಿ ಬಂದಿದ್ದರು. ಮಗಳಿಗೆ ಬಿಸಿಲು ಮತ್ತು ಒಣ ಹವೆ ಬೇಕು ಎಂದು ಡಾಕ್ಟರರು ಹೇಳಿದ್ದೇ ತಡ, ಮನೆಯ ಮೂಡಣ ಗೋಡೆಗೆ ಹೊಂದಿಸಿ ಸಾಗವಾನಿಯ ಚೌಕಟ್ಟು ನಿಲ್ಲಿಸಿ, ಬೆಳಗಾವಿಯಿಂದ ಗಾಜು ತರಿಸಿ ಕಟ್ಟಿಸಿದರು. ಶೋಭೆಗೆಂದು ಸಾಹೇಬರ ಮಾದರಿಯಲ್ಲಿಯೇ ಕುಂಡಗಳಲ್ಲಿ ಜರಿಗಿಡ ಇಡಿಸಿದರು. ದೀಪಾವಳಿಯ ಹೊತ್ತಿಗೆ ಮಗಳ ಮಂಚ ಅಲ್ಲಿಗೆ ಬಂತು. ಚಳಿ ಬಿದ್ದದ್ದೇ ಗಾಜು ಬೆವರಲು ಸುರುಮಾಡಿತು. ಹಾಸಿಗೆ ತಣ್ಣಗಾಯಿತು, ಚೌಕಟ್ಟಿನ ಮೂಲೆಗಳಲ್ಲಿ ಕರಿ ಬೂಷ್ಟು ಹಿಡಿಯಿತು, ಹುಡುಗಿಯ ದಮ್ಮು ಕಮ್ಮಿಯಾಗುವುದರ ಬದಲು ದುಪ್ಪಟ್ಟಾಯಿತು.

"ಸಂಕ್ರಮಣದ ದಿನಾ ಡಾಕ್ಟರ್ರು ಬರ್ತಾರ" ಎಂದರು ಸಾವ್ಕಾರರು ನನ್ನನ್ನು ಪಡಸಾಲೆಗೆ ಕರೆದು, ದನಿ ತಗ್ಗಿಸಿ. "ಅಷ್ಟೊತ್ತಿಗೆ ದಮ್ಮು ಇಳೀಲಿಲ್ಲಂದ್ರ ಮಿರಜಿನ ದವಾಖಾನ್ಯಾಗ ಒಯ್ದು ಇಡಬೇಕಂತ. ಎಷ್ಟ ತಿಂಗಳೋ ಏನೋ. ತಾಯಿಲ್ಲದ ಕೂಸ್ರೀ ಮಿಸ್ತ್ರಿ. ನಮ್ಮವ್ವನ ಸಾಕ್ಯಾಳ. ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟ ಒಂದಿನಾ ಇದ್ದಿಲ್ಲ."

ಖೋಲಿ ಕೆಡವಿ ಮಗಳನ್ನು ಒಳಗೆ ಮಲಗಿಸಿದರಾಗದೇ ಎಂದೆ. ಒಳಮನೆ ಕತ್ತಲೆ, ಒಲೆಯ ಹೊಗೆ, ಹತ್ತಿಯ ಧೂಳು. ಅಲ್ಲಿ ಇನ್ನೂ ಕಷ್ಟ ಎಂದರು. ಅಂದರೆ ಇದ್ದದ್ದು ಒಂದೇ ದಾರಿ: ಈ ಕೋಣೆಯೇ ಒಣಗಬೇಕು.

ಮೊದಲ ದಿನ ನೆಲದ ಪರೀಕ್ಷೆ ಮಾಡಿದೆ. ನೀರು ಭೂಮಿಯಿಂದ ಏರುತ್ತಿದೆಯೋ, ಹವೆಯಿಂದ ಇಳಿಯುತ್ತಿದೆಯೋ ಮೊದಲು ಗೊತ್ತಾಗಬೇಕು. ಉಳಿದಿದ್ದ ಒಂದು ತುಂಡು ಗಾಜನ್ನು ಫರಸಿಯ ಮೇಲೆ ಇಟ್ಟು ಸುತ್ತಲೂ ಕಣಕದಿಂದ ಮೆತ್ತಿದೆ, ಹವೆ ಆಡದ ಹಾಗೆ. ನೆಲ ಹಸಿಯಾಗಿದ್ದರೆ ಬೆಳಗಾಗುವುದರೊಳಗೆ ಗಾಜಿನ ಕೆಳಮೈ ಬೆವರಿರುತ್ತದೆ. ಸಾವ್ಕಾರರ ತಾಯಿ, ಮನೆಯವರೆಲ್ಲ ಆಯಿ ಎನ್ನುವ ಹಿರಿಯರು, ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ತೆಳ್ಳಗಿನ ಮೈ, ಹಣೆ ತುಂಬ ವಿಭೂತಿ, ಚಾಕುವಿನಂಥ ನಾಲಿಗೆ.

"ಮಿಸ್ತ್ರಿಗೋಳು ಸುಣ್ಣಾ ಹಚ್ಚೂದು ನೋಡೇನಿ. ಚಪಾತಿ ಹಿಟ್ಟು ಹಚ್ಚೂದು ಇವತ್ತ ನೋಡಿದೆ" ಎಂದರು. ಮಂಚದ ಮೇಲಿಂದ ಕಿಲಕಿಲ ನಗು, ಹಿಂದೆಯೇ ಕೆಮ್ಮು. ಆಯಿ ಓಡಿಬಂದು ಬೆನ್ನು ನೀವಿದರು.

ಮರುದಿನ ನೋಡಿದರೆ ಗಾಜಿನ ಕೆಳಮೈ ಒಣ, ಮೇಲ್ಮೈ ಒದ್ದೆ. ಸಿಕ್ಕಿತು! ನೆಲದ ತಪ್ಪಿಲ್ಲ, ನೀರು ಇರುವುದು ಹವೆಯಲ್ಲಿ. ಹವೆ ಅಂದರೆ ನನ್ನ ಊರು, ನನ್ನ ಓಣಿ! ಪೆಟ್ಟಿಗೆ ಬಿಚ್ಚಿ ಪಾದರಸದ ಜೋಡಿ ನಳಿಗೆ ತೆಗೆದು ಮಂಚದ ಬಾಜುವಿನ ಕಂಬಕ್ಕೆ ತೂಗುಹಾಕಿದೆ. ಒಂದು ನಳಿಗೆ ಹಾಗೆಯೇ ಒಣದು. ಇನ್ನೊಂದರ ಬುಡಕ್ಕೆ ತೆಳು ಮಲಮಲ್ ಬಟ್ಟೆ ಸುತ್ತಿ, ಬಟ್ಟೆಯ ತುದಿ ನೀರಿನ ಶೀಸೆಯಲ್ಲಿ. ಹವೆ ಒಣಗಿದ್ದರೆ ಆ ಒದ್ದೆ ಬಟ್ಟೆ ಬೇಗ ಆರುತ್ತದೆ, ಆರುವಾಗ ತಣ್ಣಗಾಗುತ್ತದೆ, ಆ ನಳಿಗೆಯ ಪಾದರಸ ಕೆಳಗಿಳಿಯುತ್ತದೆ. ಎರಡರ ಅಂತರ ಎಷ್ಟು ಹೆಚ್ಚೋ ಹವೆ ಅಷ್ಟು ಒಣ. ಅಂತರ ಕಮ್ಮಿಯಾದರೆ ಹಸಿ. ಇಷ್ಟೇ ನನ್ನ ವಿದ್ಯೆ.

ಒಂದು ತೊಡಕಿತ್ತು. ಗಾಜಿನ ಕೋಣೆಯಲ್ಲಿ ಹುಡುಗಿ ಮಲಗುತ್ತಿದ್ದಳು, ಆಯಿಯ ಹಾಸಿಗೆಯೂ ಅಲ್ಲಿಯೇ. ಬಿಸಿಲು ಬೀಳುವ ಮೊದಲು ನಾನು ಒಳಗೆ ಹೋಗುವ ಹಾಗಿರಲಿಲ್ಲ. ನನಗೆ ಬೇಕಾದದ್ದು ನಸುಕಿನ ಲೆಕ್ಕ, ಯಾಕೆಂದರೆ ಗಾಜು ಹೆಚ್ಚು ತಣ್ಣಗಾಗುವುದು ಆಗಲೇ. ಹುಡುಗಿಗೆ ಕೇಳಿದೆ, "ಅಂಕಿ ಓದಾಕ ಬರತೈತೇನವ್ವಾ?"

"ಇಂಗ್ಲೀಷ ಅಂಕಿ... ಸೈತ ಬರತಾವ. ಸಾಲ್ಯಾಗ... ನಾನ ಮೊದಲ ನಂಬರ."

ಪಾಟಿ ಬಳಪ ಕೊಟ್ಟೆ. ಮರುದಿನ ಅವಳು ಬರೆದಿಟ್ಟ ಲೆಕ್ಕ: ಒಣದು ಅರವತ್ತಾರು, ಒದ್ದೆಯದು ಅರವತ್ತನಾಲ್ಕು. ಬರೀ ಎರಡು ಡಿಗ್ರಿ ಅಂತರ! ಈ ಕೋಣೆಯಲ್ಲಿ ಮಗ್ಗ ಹಾಕಿದ್ದರೆ ಒಂದೇ ಒಂದು ಎಳೆ ಹರಿಯುತ್ತಿರಲಿಲ್ಲ. ನಮ್ಮ ಮೇಲಿನವರು ನೋಡಿದ್ದರೆ ನನ್ನ ಬೆನ್ನು ಚಪ್ಪರಿಸುತ್ತಿದ್ದರು.

ಆಮೇಲೆ ನಾನು ಮಾಡಿದ ಕೆಲಸ ಹೇಳಲು ಈಗಲೂ ನಾಚಿಕೆ. ಕಾಯಿಸಿದರೆ ಒಣಗುತ್ತದೆ ಎಂದುಕೊಂಡು, ಮೂರನೆಯ ದಿನ ಸಂಜೆ ದೊಡ್ಡ ಶೇಗಡಿಯಲ್ಲಿ ಇದ್ದಿಲು ತುಂಬಿ ಉರಿಸಿ ಒಳಗೆ ಇಟ್ಟೆ. ಇಟ್ಟವನು ಗಿರಣಿಯ ರೂಢಿಯಂತೆ ಬಾಗಿಲು ಎಳೆದು ಮುಚ್ಚಿದೆ. ಇಪ್ಪತ್ತು ವರ್ಷ ಬಾಗಿಲು ಮುಚ್ಚಿದ ಕೈ. ತೆರೆದ ಬಾಗಿಲು ಕಂಡರೆ ಸುಮ್ಮನಿರುವುದೇ ಇಲ್ಲ. ಕೋಣೆ ಬೆಚ್ಚಗಾಯಿತು, ಹೌದು. ಕುಂಡಗಳ ಹಸಿ ಮಣ್ಣಿನಿಂದ, ಹಾಸಿಗೆಯಿಂದ ಅಡಗಿದ್ದ ನೀರೆಲ್ಲ ಹವೆಗೆ ಏರಿತು. ಏರಿದ್ದು ತಣ್ಣನೆಯ ಗಾಜು ಮುಟ್ಟಿದ ಕೂಡಲೇ ಧಾರೆಧಾರೆಯಾಗಿ ಇಳಿಯಿತು. ಅದು ಹೋಗಲಿ, ಅರ್ಧ ತಾಸಿನಲ್ಲಿ ಇದ್ದಿಲಿನ ಕೆಟ್ಟ ಹವೆಗೆ ಹುಡುಗಿಯ ತಲೆ ಸುತ್ತಿ, ತುಟಿ ನೀಲಿಗಟ್ಟಿತು. ಆಯಿ ಬಾಗಿಲು ಒದ್ದು ತೆರೆದು ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದರು.

"ನೂಲಿನ ಮಿಸ್ತ್ರಿ ನೂಲ ನೋಡ್ಕೊಂಡ ಇರಬೇಕು!" ಎಂದು ಗುಡುಗಿದರು. "ಕೂಸಿನ ಜೀವದ ಮ್ಯಾಲೆ ಆಟಾ ಆಡಾಕ ಬಂದೀಯೇನ? ನಾಳೆ ಮೋಟಾರ ಹತ್ತು, ನಡಿ!"

ನಾನು ತಲೆ ತಗ್ಗಿಸಿ ನಿಂತೆ. ಅವರು ಹೇಳಿದ್ದು ಖರೆ. ಸಾವ್ಕಾರರ ಮುಖವೂ ಬಿಗಿದುಕೊಂಡಿತ್ತು. ಉಸಿರು ತಿರುಗಿದ ಹುಡುಗಿಯೇ ಕೈ ಎತ್ತಿ, "ಇರಲಿ ಆಯಿ... ಕಾಕಾ ಹೋದ್ರ... ಪಾಟಿ ಯಾರ ಓದತಾರ?" ಎಂದಳು. ಅವಳ ಆ ಒಂದು ಮಾತಿಗೆ ನಾನು ಉಳಿದೆ. ಈ ಹುಡುಗಿಯನ್ನು ಮಿರಜಿಗೆ ಹೋಗಗೊಡಬಾರದು ಎಂದು ಅವತ್ತು ನಿಜವಾಗಿ ಹಟ ಹುಟ್ಟಿತು. ಅಲ್ಲಿಯ ತನಕ ಇದ್ದದ್ದು ಬರೀ ಜಂಬ.

ನಾಲ್ಕನೆಯ ದಿನದಿಂದ ಎಲ್ಲವನ್ನೂ ತಿರುವುಮುರುವು ಮಾಡಿದೆ. ಗಿರಣಿಯಲ್ಲಿ ಏನೇನು ಮಾಡುತ್ತೇನೋ ಇಲ್ಲಿ ಅದರ ಉಲ್ಟಾ! ಜರಿಗಿಡಗಳನ್ನೆಲ್ಲ ಹೊರಗೆ ಸಾಗಿಸಿದೆ; ದಿನಾ ನೀರು ಕುಡಿದು ದಿನಾ ಹವೆಗೆ ಬಿಡುವ ಗಿಡಗಳವು. ಸಾವ್ಕಾರರು, "ಸಾಹೇಬರ ಖೋಲ್ಯಾಗ ಇದ್ದೂವಲ್ರೀ" ಎಂದು ಗೊಣಗಿದರು. "ಸಾಹೇಬರ ಖೋಲ್ಯಾಗ ಗಿಡಾ ಮಲಗತಾವ್ರೀ, ಮಗಳಲ್ಲ" ಎಂದೆ. ಬಡಿಗನನ್ನು ಕರೆಸಿ ಮಾಡಿನ ನೆತ್ತಿಯಲ್ಲಿ ಎರಡು ಗಾಜುಗಳಿಗೆ ಬಿಜಾಗರಿ ಹಾಕಿಸಿ, ಹಗ್ಗ ಎಳೆದರೆ ತೆರೆಯುವ ಹಾಗೆ ಮಾಡಿಸಿದೆ. ಕೆಳಗೆ, ನೆಲದಿಂದ ಗೇಣೆತ್ತರದಲ್ಲಿ, ಮಂಚದಿಂದ ದೂರ, ಜಾಳಿಗೆ ಹಾಕಿದ ಎರಡು ಕಿಂಡಿ. ಬೆಚ್ಚಗಿನ ಹಸಿ ಹವೆ ಮೇಲಿನಿಂದ ಹೋಗಬೇಕು, ಒಣ ಹವೆ ಕೆಳಗಿನಿಂದ ಬರಬೇಕು. ಮಾಡಿನ ಪಟ್ಟಿಗಳ ಕೆಳಗೆ ತಗಡಿನ ಸಣ್ಣ ದೋಣಿ ಕೂಡಿಸಿ, ಬೆವರಿದ ನೀರು ಹಾಸಿಗೆಗೆ ತೊಟ್ಟಿಕ್ಕದೆ ಹೊರಗೆ ಹರಿಯುವಂತೆ ಇಳಿಜಾರು ಕೊಟ್ಟೆ. ಹುಡುಗಿಯನ್ನು ಅಂಗಳದಲ್ಲಿ ಕೂರಿಸಿ, ಬೂಷ್ಟು ಹಿಡಿದ ಮೂಲೆಗಳನ್ನು ಸುಣ್ಣದ ನೀರಿನಿಂದ ತಿಕ್ಕಿದೆ. ಗಾದಿ ದಿನವಿಡೀ ಬಿಸಿಲಿಗೆ.

ಆಯಿ ಮಾತ್ರ ನೆತ್ತಿಯ ಗಾಜು ತೆರೆಯಲು ಬಿಲ್‌ಕುಲ್ ಒಪ್ಪಲಿಲ್ಲ. ದಮ್ಮಿನ ಕೂಸಿಗೆ ಥಂಡಿ ಗಾಳಿ ಸೋಕಬಾರದಂತೆ. ಮಂಚದ ಹತ್ತಿರ ದೀಪ ಹಚ್ಚಿಟ್ಟು ತೋರಿಸಿದೆ, ಮೇಲೆ ತೆರೆದರೂ ಕುಡಿ ಅಲುಗಲಿಲ್ಲ. ಬಗ್ಗಿ, ಕಣ್ಣು ಕಿರಿದು ಮಾಡಿ ಎಷ್ಟೋ ಹೊತ್ತು ನೋಡಿದರು. "ದೀಪಾ ಅಲ್ಲಾಡಿತೋ, ಕಿಡಕಿನೂ ಮುಚ್ಚತೇನಿ, ನಿನ್ನ ಬಾಯಿನೂ ಮುಚ್ಚತೇನಿ" ಎಂದು ಒಪ್ಪಿದರು.

ಐದನೆಯ ದಿನ ದೀಪ ಹಚ್ಚುವ ಹೊತ್ತಿಗೆ ನಳಿಗೆ ನೋಡಿದೆ: ಎಪ್ಪತ್ತೆರಡು, ಅರವತ್ತನಾಲ್ಕು. ಎಂಟು! ನಾನು ಅಂಗಳದಲ್ಲಿ ಕುಣಿಯುವುದೊಂದು ಬಾಕಿ. ಬೆಳಗಾಗುವುದನ್ನೇ ಕಾದು, ಬಿಸಿಲು ಬಿದ್ದ ಕೂಡಲೇ ಓಡಿಹೋಗಿ ನೋಡುತ್ತೇನೆ, ಗಾಜೆಲ್ಲ ನೀರು! ತಗಡಿನ ದೋಣಿ ತುಂಬಿ ಹರಿದಿದೆ. ಪಾಟಿಯಲ್ಲಿ ಮತ್ತೆ ಎರಡೇ ಅಂತರ. ಸಂಜೆ ಒಣಗಿದ ಕೋಣೆಗೆ ಬೆಳಗಿನೊಳಗೆ ನೀರು ಎಲ್ಲಿಂದ ಬಂತು?

"ನಸಿಕಿನ್ಯಾಗ ಯಾರರೆ ಇಲ್ಲಿ ನೀರ ಬಳಸತಾರೇನವ್ವಾ?" ಎಂದು ಹುಡುಗಿಗೆ ಕೇಳಿದೆ.

"ಇಲ್ಲ" ಎಂದಳು. ಉಸಿರಿನ ತೊಂದರೆ ಇಲ್ಲದೆ, ತಟ್ಟನೆ, ಒಂದೇ ಮಾತು. ಅದನ್ನು ನಾನು ಆಗ ಗಮನಿಸಬೇಕಾಗಿತ್ತು.

ಮರುದಿನದಿಂದ ಪಾಟಿಯ ಲೆಕ್ಕ ಬದಲಾಯಿತು. ಅರವತ್ತಾರು, ಅರವತ್ತು. ಆರು ಡಿಗ್ರಿ ಅಂತರ! ಆದರೆ ಗಾಜು ಮಾತ್ರ ಮೊದಲಿನಂತೆಯೇ ಧಾರಾಕಾರ. ತಲೆ ಕೆಟ್ಟುಹೋಯಿತು ನನಗೆ. ಆರರ ಅಂತರ ಇದ್ದರೆ ಗಾಜು ಹೀಗೆ ಹರಿಯಬಾರದು. ನಳಿಗೆಯ ಬಟ್ಟೆ ಬದಲಿಸಿದೆ, ಶೀಸೆ ತೊಳೆದೆ, ನಳಿಗೆಗಳನ್ನು ಅದಲುಬದಲು ಮಾಡಿದೆ. ಏಳನೆಯ ದಿನ: ಅರವತ್ತಾರು, ಅರವತ್ತು. ಎಂಟನೆಯ ದಿನ: ಅರವತ್ತಾರು, ಅರವತ್ತು. ಹುಡುಗಿಯ ದಮ್ಮು ಹಗಲು ಸ್ವಲ್ಪ ಇಳಿದಿತ್ತು, ಬೆಳಿಗ್ಗೆ ಮಾತ್ರ ಅದೇ ಸುಂಯ್ ಸುಂಯ್. ಸಾವ್ಕಾರರು ಮಿರಜಿಗೆ ಹೋಗಲು ಬಂಡಿ, ರೈಲು ವಿಚಾರಿಸತೊಡಗಿದ್ದರು.

ಒಂಬತ್ತನೆಯ ದಿನ ವಿಪರೀತ ಚಳಿ. ಪಡಸಾಲೆಯಲ್ಲಿ ಮಲಗಿದ್ದ ನನ್ನ ಹಲ್ಲು ಕಟಕಟ ಅನ್ನುತ್ತಿದ್ದವು. ಎರಡು ಕಂಬಳಿ ಹೊದ್ದರೂ ಮೈ ಬಿಸಿಯಾಗಲಿಲ್ಲ. ಬೆಳಿಗ್ಗೆ ಪಾಟಿ ನೋಡಿದೆ: ಅರವತ್ತಾರು, ಅರವತ್ತು.

ಆಗ ಹೊಳೆಯಿತು! ಗೋಕಾಕಕ್ಕೆ ಬರುವ ಮೊದಲು ಬೇರೊಂದು ಊರಿನ ಗಿರಣಿಯಲ್ಲಿ ನಾನು ಹೊಸಬನಾಗಿದ್ದಾಗ ಇದನ್ನೇ ಮಾಡುತ್ತಿದ್ದೆ. ನಳಿಗೆಯ ಹತ್ತಿರ ಹೋಗಲು ಬೇಸರವಾದರೆ ಬೀಡಿ ಸೇದುತ್ತ ಕೂತಲ್ಲಿಯೇ ನಿನ್ನೆಯ ಲೆಕ್ಕ ಬರೆಯುವುದು. ಹವೆ ಎಂದಿಗೂ ನಿನ್ನೆಯ ಹಾಗೆ ಇರುವುದಿಲ್ಲ. ಸುಳ್ಳು ಲೆಕ್ಕ ಮಾತ್ರ ದಿನಾ ಒಂದೇ. ಪಾಟಿ ಹಿಡಿದು ಹುಡುಗಿಯ ಮುಂದೆ ನಿಂತೆ. ನನ್ನ ಸಿಟ್ಟು ಕೆಟ್ಟದ್ದು. "ಸುಳ್ಳ ಬರದೀ!" ಎಂದು ಕೂಗಿಬಿಟ್ಟೆ. "ನಿನ್ನ ಸಲುವಾಗಿ ನಾ ತಲಿ ಚಚ್ಚಿಕೊಳ್ಳಾಕತ್ತೇನಿ, ನೀ ನನಗ ಸುಳ್ಳ ಬರದ ಇಡತೀಯೇನ?"

ಹುಡುಗಿಯ ಕಣ್ಣು ತುಂಬಿದವು. ಅಳು, ಕೆಮ್ಮು, ಉಬ್ಬಸ ಎಲ್ಲ ಒಮ್ಮೆಗೇ. ನನ್ನ ಸಿಟ್ಟು ಜರ್ರನೆ ಇಳಿಯಿತು. ಮಂಡಿಯೂರಿ ಕೂತು, "ತಪ್ಪಾತವ್ವಾ, ತಪ್ಪಾತು" ಎಂದೆ. ಬಹಳ ಹೊತ್ತಿನ ಮೇಲೆ ಬಾಗಿಲ ಕಡೆ ನೋಡಿ, ಆಯಿ ಇಲ್ಲವೆಂದು ಖಾತ್ರಿ ಮಾಡಿಕೊಂಡು, ತುಂಡು ತುಂಡಾಗಿ ಹೇಳಿದಳು.

"ಆಯಿ ಹರಕಿ ಹೊತ್ತಾಳ್ರೀ ಕಾಕಾ. ನಾ ಚಲೋ ಆಗಲೀ ಅಂತ. ತಿಂಗಳ ಮ್ಯಾಲಾತು. ಸಂಕ್ರಮಣದ ತನಾ... ದಿನಾ ನಸಿಕಿನ್ಯಾಗ ತಣ್ಣೀರ ಮೈಮ್ಯಾಲೆ ಹಾಕ್ಕೊಂಡ... ಒದ್ದಿ ಸೀರಿಮ್ಯಾಲೆ ನನ್ನ ತಲಿದಿಂಬಿನ ಹತ್ರ ಕುಂತ... ಲಿಂಗಪೂಜಿ ಮಾಡ್ತಾಳ. ಆಮ್ಯಾಲೆ ಸೀರಿ ಹಿಂಡಿ... ಇಲ್ಲೇ ಮ್ಯಾಲಿನ ಗಳಕ್ಕ ಹಾಕ್ತಾಳ. ಹೊರಗಾದ್ರ ಯಾರರೆ ಮುಟ್ಟತಾರಂತ. ನೀವು ಬರೂದ್ರಾಗ ತಗದ ಇಡತಾಳ. ಹರಕಿ ಯಾರಿಗೂ ಹೇಳಬಾರದಂತ್ರೀ... ಹೇಳಿದ್ರ ಫಲಾ ಸಿಗೂದಿಲ್ಲಂತ. ನಾ ನಿದ್ದಿಯೊಳಗ ಇರತೇನಂತ ತಿಳದಾಳ. ನಾ ಎಚ್ಚರ ಇರತೇನಿ. ನೀವು ಹುಡಕೂದ ಬಿಡಬೇಕಂತ... ಸುಳ್ಳ ಬರದೆ."

ಒಂಬತ್ತು ಗಜದ ಇಳಕಲ್ ಸೀರೆ! ತೊಯ್ದು ತೊಪ್ಪೆಯಾಗಿ, ಹುಡುಗಿಯ ಮೂಗಿನ ಹತ್ತಿರ, ಗಾಜಿನ ಕೋಣೆಯಲ್ಲಿ! ನಾನು ಗಿರಣಿಯಲ್ಲಿ ಯಂತ್ರ ಹಚ್ಚಿ ಮಾಡುವ ಕೆಲಸವನ್ನು ಆಯಿ ಮೈಯಿಂದ ಮಾಡುತ್ತಿದ್ದರು. ಮೊದಲು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ, ಕಳ್ಳ ಸಿಕ್ಕ ಖುಷಿ. ಆಮೇಲೆ ಚಿಂತೆ ಹತ್ತಿತು. ಈಗ ಇದನ್ನು ಯಾರು ಹೇಳಬೇಕು, ಹೇಗೆ ಹೇಳಬೇಕು? ಸಾವ್ಕಾರರಿಗೆ ಹೇಳಿದರೆ ಒಂದೇ ಮಾತಿನಲ್ಲಿ ಮುಗಿಯುತ್ತಿತ್ತು. ಅವರು ತಾಯಿಯ ಮೇಲೆ ಹರಿಹಾಯುತ್ತಿದ್ದರು, ಹರಕೆ ಮುರಿಯುತ್ತಿತ್ತು. ಆಮೇಲೆ ಹುಡುಗಿಗೆ ಒಂದು ಕೆಮ್ಮು ಬಂದರೂ ಆಯಿ ಸಾಯುವ ತನಕ, ಹರಕೆ ಮುರಿದದ್ದಕ್ಕೇ ಹೀಗಾಯಿತು ಎಂದು ಕೊರಗುತ್ತಿದ್ದರು. ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು. "ಹೇಳಬ್ಯಾಡ್ರೀ ಕಾಕಾ" ಎನ್ನುತ್ತಿದ್ದಳು.

ಅವತ್ತು ಮಧ್ಯಾಹ್ನದ ತನಕ ಬಾವಿಕಟ್ಟೆಯ ಮೇಲೆ ಕೂತು ಯೋಚಿಸಿದೆ. ಪಡಸಾಲೆಯಲ್ಲಿ ಸಾವ್ಕಾರರ ಆಳುಗಳು ಹತ್ತಿ ತೂಗುತ್ತಿದ್ದರು. ಒಬ್ಬ ಹತ್ತಿ ತುಂಬಿದ ಅಂಡಿಗೆಯೊಳಗೆ ಕೈ ತೂರಿಸಿ, "ಹಸಿ ಐತ್ರೀ ಇದು, ಬಿಸಲಿಗೆ ಹಾಕಿ ತೂಗೂಣು" ಎಂದ. ಹತ್ತಿಗೆ ನೀರು ಹೊಡೆದು ತೂಕ ಏರಿಸುವವರು ಎಲ್ಲ ಕಡೆ ಇರುತ್ತಾರೆ. ಈ ಮನೆಯಲ್ಲಿ ಅರವತ್ತು ವರ್ಷ ಬಾಳಿದ ಆಯಿಗೆ ನನ್ನ ಪಾದರಸದ ಮಾತು ತಿಳಿಯದಿದ್ದರೂ ತಕ್ಕಡಿಯ ಮಾತು ತಿಳಿಯದೇ ಇದ್ದೀತೇ! ಎದ್ದು ನೇರ ಅಡಿಗೆಮನೆಯ ಹೊಸ್ತಿಲ ಹೊರಗೆ ಹೋಗಿ ನಿಂತೆ.

"ಆಯಿ, ಒಂದ ಮಾತು. ಆ ಖೋಲ್ಯಾಗ ನಸಿಕಿನ್ಯಾಗ ಎಲ್ಲಿಂದೋ ನೀರ ಬರಾಕತ್ತೈತ್ರಿ. ನಾ ಆಗ ಒಳಗ ಬರೂಹಂಗಿಲ್ಲ. ನೀವ ನೋಡಬೇಕು. ಒಂದ ತಕ್ಕಡಿ ಒಳಗ ತರಸ್ಕೋರಿ. ಆ ಖೋಲ್ಯಾಗ ಏನರೆ ಹಸಿ ವಸ್ತು ಇತ್ತಂದ್ರ, ಅದು ಏನ ಇರವಲ್ದ್ಯಾಕ, ಹಸಿ ಇದ್ದಾಗ ಒಮ್ಮಿ ತೂಗ್ರಿ. ಬಿಸಲ ಏರಿದ ಮ್ಯಾಲೆ ಮತ್ತೊಮ್ಮಿ ತೂಗ್ರಿ. ಏನ ತೂಗಿದ್ರಿ ಅಂತ ನನಗ ಹೇಳಬ್ಯಾಡ್ರಿ. ನಾ ಕೇಳೂದಿಲ್ಲ. ಎಷ್ಟ ಕಮ್ಮಿ ಆತು, ಅದನ್ನಷ್ಟ ಹೇಳ್ರಿ."

ಆಯಿ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲಿಸಿದರು. ನನ್ನ ಮುಖವನ್ನೇ ನೋಡಿದರು. ನಾನು ನೆಲ ನೋಡಿದೆ. ಮತ್ತೆ ರೊಟ್ಟಿ ಬಡಿಯತೊಡಗಿದರು. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ, ಏನೆಂದು ತಿಳಿಯಲಿ?

ಹತ್ತನೆಯ ದಿನ ಬಿಸಿಲು ಎರಡಾಳೆತ್ತರ ಏರಿದಾಗ ಗಾಜಿನ ಕೋಣೆಯಿಂದ ಕರೆದರು. ಹೋದೆ. ಮೂಲೆಯಲ್ಲಿ ತಕ್ಕಡಿ. ಅದರ ತಟ್ಟೆ ಬರಿದು. ಆಯಿ ಅದರ ಬಾಜೂ ಕೂತಿದ್ದರು.

"ಅರ್ಧಾ ಸೇರು. ಮ್ಯಾಲೆ ಒಂದ ಛಟಾಕ" ಎಂದರು. ಚಾಕುವಿನಂಥ ದನಿ ಇರಲಿಲ್ಲ. "ನಾ ನೆಲಾ ಒರಸೇನಿ. ಒಂದ ಹನಿ ನೆಲಕ್ಕ ಬಿದ್ದಿಲ್ಲ. ಎಲ್ಲಿ ಹೋತು ತಮ್ಮಾ ಆ ನೀರು?"

ಕೈ ಎತ್ತಿ ಮೇಲೆ ತೋರಿಸಿದೆ. ಗಾಜಿನ ತುಂಬ ಹನಿ. ಆಯಿ ಗಾಜು ನೋಡಿದರು, ತಕ್ಕಡಿ ನೋಡಿದರು, ಕೆಮ್ಮುತ್ತಿದ್ದ ಮೊಮ್ಮಗಳನ್ನು ನೋಡಿದರು. ಮೂವತ್ತು ನಲವತ್ತು ದಿನದಿಂದ ಮೈ ಕೊರೆಯುವ ಚಳಿಯಲ್ಲಿ ತಣ್ಣೀರು ಸುರಿದುಕೊಂಡು ಕೂತ ಆ ಹಣ್ಣು ಮುದುಕಿಯ ಮುಖ ಹೇಗೆ ಕುಸಿಯಿತೆಂದರೆ, ತೂಗಲು ಹೇಳಿದ ನನ್ನ ನಾಲಿಗೆಯನ್ನು ಕಿತ್ತುಹಾಕಬೇಕು ಅನ್ನಿಸಿತು.

"ಅಂದ್ರ..." ಎಂದರು. ಮುಂದೆ ನಾನು ಹೇಳಗೊಡಲಿಲ್ಲ.

"ಹಸಿ ವಸ್ತು ಕೆಟ್ಟದ್ದಲ್ರೀ ಆಯಿ" ಎಂದೆ ಅವಸರದಲ್ಲಿ. "ಜಾಗಾ ಅಷ್ಟ ಬ್ಯಾರೆ ಆಗಬೇಕು. ಇದು ನಾಕೂ ಕಡೆ ಮುಚ್ಚಿದ ಖೋಲಿ, ಆ ಕಿಂಡಿಗಿ ಇಷ್ಟ ನೀರ ಹೊರಗ ಹಾಕಾಕ ಆಗೂದಿಲ್ಲ. ಇಲ್ಲಿ ಹವಾ ತುಂಬತೈತಿ."

ಆಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು, "ಹೊರಗಿನ ಹವಾ ಎಷ್ಟ ಸೇರು ಹಿಡೀತೈತಿ?"

"ಅದಕ್ಕ ತೂಕ ಇಲ್ರೀ. ಅದು ಆಕಾಶ."

"ಹಂಗಾರ ಆತು" ಎಂದು ಎದ್ದರು. ತಕ್ಕಡಿಯನ್ನು ತಾವೇ ಹೊತ್ತು ಹೊರಗೆ ಇಟ್ಟು, ಗಳವನ್ನು ಇಳಿಸಿ ಹಿತ್ತಲಿಗೆ ಒಯ್ದರು. ಅಂಗಳದಲ್ಲಿ ನನಗೆ ಎದುರಾದ ಸಾವ್ಕಾರರು, "ಏನಾತ್ರೀ ಮಿಸ್ತ್ರಿ, ನಮ್ಮವ್ವ ತಕ್ಕಡಿ ಹೊತ್ತ ಅಡ್ಡಾಡಾಕತ್ತಾಳು?" ಎಂದು ಬೆರಗಾದರು. "ಹವಾ ತೂಗಿದ್ರು" ಎಂದೆ. ನನಗೆ ಹುಚ್ಚು ಹಿಡಿದಿದೆ ಎಂದುಕೊಂಡಿರಬೇಕು.

ಹನ್ನೊಂದನೆಯ ದಿನ ನಸುಕಿನಲ್ಲಿ ಹಿತ್ತಲ ಬಾವಿಯ ಕಡೆ ಕೊಡದ ಸದ್ದು ಕೇಳಿ ಎಚ್ಚರಾದೆ. ಧಡ್ ಧಡ್ ಎಂದು ನೀರು ಸುರಿದ ಸದ್ದು. ಆಮೇಲೆ ಮೌನ. ಇಬ್ಬನಿ ಬೀಳುತ್ತಿತ್ತು, ನನ್ನ ಕಂಬಳಿಯೇ ತಣ್ಣಗಿತ್ತು. ಆ ವಯಸ್ಸಿನಲ್ಲಿ, ಆ ಬಯಲಲ್ಲಿ, ಒದ್ದೆ ಸೀರೆಯಲ್ಲಿ! ಬೆಚ್ಚಗಿನ ಕೋಣೆಯಿಂದ ಅವರನ್ನು ಹೊರಗೆ ಹಾಕಿದವನು ನಾನೇ ಎಂದು ಮತ್ತೆ ನಿದ್ದೆ ಬರಲಿಲ್ಲ. ಬಿಸಿಲು ಬಿದ್ದ ಮೇಲೆ ಬೇಡಿಕೊಂಡೆ, "ಆಯಿ, ಕಟ್ಟಿಗಿ ಖೋಲ್ಯಾಗರೆ ಕುಂಡರ್ರಿ, ಥಂಡಿ ಹತ್ತೀತು."

"ಯಾರ ಎಲ್ಲಿ ಕುಂತಾರು? ನಿನಗೇನ ಗೊತ್ತು?" ಎಂದು ಗದರಿದರು. ತುಟಿಯಲ್ಲಿ ಮಾತ್ರ ಸಣ್ಣ ನಗು. "ನೀ ನಿನ್ನ ಗಾಜ ನೋಡ ಹೋಗು."

ಗಾಜು ನೋಡಿದೆ. ಅಂಚಿನಲ್ಲಿ ಗೆರೆಯಷ್ಟು ಮಂಜು, ಮಿಕ್ಕದ್ದೆಲ್ಲ ಸ್ವಚ್ಛ! ಪಾಟಿಯಲ್ಲಿ ಅರವತ್ತೊಂದು, ಐವತ್ತೈದು. ಈ ಸಲ ಲೆಕ್ಕ ಖರೆಯದು, ಗಾಜೇ ಸಾಕ್ಷಿ. ಹುಡುಗಿ ಎದ್ದು ಕೂತು ಹಾಲು ಕುಡಿಯುತ್ತಿದ್ದಳು. ಅವತ್ತು ಬೆಳಿಗ್ಗೆ ಎರಡೇ ಸಲ ಕೆಮ್ಮಿದಳಂತೆ, ಎಣಿಸಿದ್ದೇನೆ ಎಂದಳು.

ಮರುದಿನ ಸಂಕ್ರಮಣ. ಡಾಕ್ಟರರು ಬರುವ ದಿನ, ಹರಕೆಯ ಕಡೆಯ ದಿನ, ನನ್ನ ರಜೆಯ ಕಡೆಯ ದಿನ. ಕೊಡದ ಸದ್ದಿಗೆ ನಾನು ಎದ್ದು ಕೊಟ್ಟಿಗೆಯ ಬಾಜೂ ಎಮ್ಮೆಯ ಮರೆಯಲ್ಲಿ ನಿಂತೆ. ನೋಡಬಾರದು ಎಂದು ಗೊತ್ತು. ಆದರೆ ಅವರು ಬಿದ್ದುಗಿದ್ದಾರು ಎಂಬ ಹೆದರಿಕೆ. ಮೂಡಣ ಕೆಂಪಾಗುತ್ತಿತ್ತು. ಬಾವಿಕಟ್ಟೆಯ ಕೆಳಗೆ ಚಪ್ಪಡಿಯ ಮೇಲೆ ಆಯಿ ಬೆನ್ನು ಮಾಡಿ ಕೂತಿದ್ದರು. ಒದ್ದೆ ಸೀರೆ ಮೈಗೆ ಅಂಟಿ, ಭುಜ ಗಡಗಡ ನಡುಗುತ್ತಿದ್ದವು. ಅಂಗೈ ಮೇಲಿನ ಲಿಂಗ ಮಾತ್ರ ಅಲುಗದ ಹಾಗೆ ಇನ್ನೊಂದು ಕೈಯಿಂದ ಆ ಕೈಯನ್ನು ಬಿಗಿಯಾಗಿ ಹಿಡಿದಿದ್ದರು. ಪೂಜೆ ಮುಗಿಯಿತು. ಲಿಂಗವನ್ನು ಕಣ್ಣಿಗೊತ್ತಿಕೊಂಡು ಕೊರಳಿಗೆ ಕಟ್ಟಿಕೊಂಡರು. ಏಳಲು ಹೋದರೆ ಮರಗಟ್ಟಿದ ಕಾಲು ಏಳಲಿಲ್ಲ. ನಾನು ಮುಂದೆ ಹೋಗಲೋ ಬೇಡವೋ ಎಂದು ಒದ್ದಾಡುವಷ್ಟರಲ್ಲಿ ಗಾಜಿನ ಕೋಣೆಯ ಹಿತ್ತಲ ಬಾಗಿಲು ಧಡಕ್ಕನೆ ತೆರೆಯಿತು.

ಹುಡುಗಿ! ಎರಡೂ ಕೈಯಲ್ಲಿ ಒಂದು ಒಣ ಸೀರೆ, ಒಂದು ಕಂಬಳಿ ಅಪ್ಪಿ ಹಿಡಿದುಕೊಂಡು, ಬರಿಗಾಲಲ್ಲಿ, ಇಡೀ ಹಿತ್ತಲು ದಾಟಿ ಬಂದಳು. ಬಂದವಳೇ ಕಂಬಳಿಯನ್ನು ಆಯಿಯ ಭುಜಕ್ಕೆ ಸುತ್ತಿ, "ಎಷ್ಟ ನಡಗಾಕತ್ತೀ ಆಯಿ, ಏಳು, ಲಗೂನ ಒಳಗ ನಡಿ, ಸೀರಿ ಬದಲ ಮಾಡ್ಕೋ, ನಿನಗ ಥಂಡಿ ಆದ್ರ ನನಗ ಯಾರ ಅದಾರ?" ಎಂದಳು. ಒಂದೇ ಉಸಿರಿನಲ್ಲಿ.

ಆಯಿ ಏಳಲಿಲ್ಲ. ಅವಳ ಎರಡೂ ತೋಳು ಹಿಡಿದು, ಎದೆಗೆ ಕಿವಿ ಹಚ್ಚಿದರು. ಹಚ್ಚಿದ ಕಿವಿ ಹಾಗೆಯೇ ಇಟ್ಟುಕೊಂಡು ಕೇಳಿದರು.

"ಏ ಕೂಸ, ಓಡಿ ಬಂದೀ?"

ಹುಡುಗಿ ತಾನು ಬಂದ ದಾರಿಯನ್ನು ತಿರುಗಿ ನೋಡಿದಳು. ಆಗಲೇ ಅವಳಿಗೂ ಗೊತ್ತಾದದ್ದು.

"ಹೂಂ ಆಯಿ" ಎಂದಳು. "ಓಡಿ ಬಂದೆ."

ನಾನು ಎಮ್ಮೆಯ ಕೊರಳು ಹಿಡಿದುಕೊಂಡು ಸಣ್ಣ ಹುಡುಗನ ಹಾಗೆ ಅತ್ತುಬಿಟ್ಟೆ.